ಅಪ್ಪನಿಗೆ ಆಲ್ಫಾ ಬ್ಲಾಕರ್, ಬೀಟಾ ಬ್ಲಾಕರ್ ಎರಡೂ ಕೊಟ್ಟಿದ್ದಾರೆ, ಒಂದನ್ನು ನಿಲ್ಲಿಸಬಹುದಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿದ್ದೇನೆ, ಉದ್ದ ಬರೆದರೆ ಕ್ಷಮಿಸಿ.

ಅಪ್ಪನಿಗೆ 68. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ ಹೃದಯದ ಪಂಪಿಂಗ್ ಕಡಿಮೆ, 40% ಅಂತ ಬಂದಿತ್ತು. ಆವತ್ತಿನಿಂದ ಬೆಳಿಗ್ಗೆ ಮೆಟೊಪ್ರೊಲಾಲ್ ಎಕ್ಸ್‌ಎಲ್ 50, ರಾತ್ರಿ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40, ಜೊತೆಗೆ ರಕ್ತ ತೆಳು ಮಾಡುವ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ. ಚೆನ್ನಾಗೇ ಇದ್ದರು, ದಿನಾ ಬೆಳಿಗ್ಗೆ ತೋಟ ಸುತ್ತಿ ಬರುತ್ತಿದ್ದರು.

ಒಂದು ವರ್ಷದಿಂದ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಹೋಗಿ ನಿಂತರೂ ಬೇಗ ಬರುವುದಿಲ್ಲ, ಬಂದರೂ ಪೂರ್ತಿ ಆಯಿತು ಅನ್ನಿಸುವುದಿಲ್ಲ. ಕಳೆದ ವಾರ ತೋರಿಸಿದಾಗ ಪ್ರೊಸ್ಟೇಟ್ ದೊಡ್ಡದಾಗಿದೆ ಅಂತ ಹೇಳಿ ಟ್ಯಾಮ್ಸುಲೋಸಿನ್ 0.4 ಬರೆದುಕೊಟ್ಟರು. ರಾತ್ರಿ ಊಟದ ನಂತರ. ಮೂರನೇ ರಾತ್ರಿ ಎರಡು ಗಂಟೆಗೆ ಎದ್ದವರು ಬಚ್ಚಲುಮನೆ ಬಾಗಿಲ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಬಿದ್ದರು. ಮೊಣಕೈ ತರಚಿತು, ತಲೆಗೆ ಪೆಟ್ಟು ಬೀಳಲಿಲ್ಲ.

ಪಕ್ಕದ ಮನೆಯವರು ಚೀಟಿ ನೋಡಿ, ಒಂದು ಆಲ್ಫಾ ಬ್ಲಾಕರ್ ಇನ್ನೊಂದು ಬೀಟಾ ಬ್ಲಾಕರ್, ಎರಡೂ ಸೇರಿ ಬ್ಲಾಕ್ ಮಾಡಿದರೆ ಮನುಷ್ಯ ಬೀಳದೆ ಇರ್ತಾನಾ, ಹಳೇದನ್ನು ನಿಲ್ಲಿಸಿ ಅಂದರು. ಅಣ್ಣ ನಿನ್ನೆಯಿಂದ ಮೆಟೊಪ್ರೊಲಾಲ್ ಕೊಡುತ್ತಿಲ್ಲ. ನಿನ್ನೆ, ಇವತ್ತು ಎರಡು ದಿನ ಆಯಿತು. ಅಪ್ಪನ ನಾಡಿ ಯಾವಾಗಲೂ 60-65 ಇರುತ್ತಿತ್ತು, ಇವತ್ತು ಸಂಜೆ 98. ಎದೆ ಡವಡವ ಅಂತಿದೆ ಅಂತಾರೆ.

ಈ ಎರಡು ಮಾತ್ರೆ ಏನು ಮಾಡುತ್ತವೆ? ಎರಡೂ ಒಂದೇ ತರಹದ್ದಾ? ಯಾವುದನ್ನು ನಿಲ್ಲಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ನೈಟ್‌ಡ್ಯೂಟಿ:

ನಾನು ಮೆಡಿಸಿನ್ ವೈದ್ಯ. ವಿವರಣೆ ಆಮೇಲೆ, ಮೊದಲು ಇದು: ಮೆಟೊಪ್ರೊಲಾಲ್ ನಿಲ್ಲಿಸಿದ್ದು ಸರಿಯಲ್ಲ. ಅಪ್ಪನ ಹೃದಯದ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಎರಡು ದಿನ ತಪ್ಪಿದೆ, ನಾಡಿ 98 ಇದೆ ಅಂತ ಹೇಳಿ. ಬೆಳಿಗ್ಗೆವರೆಗೆ ಕಾಯಬೇಡಿ. ಎದೆ ನೋವು, ಎದೆ ಹಿಡಿದುಕೊಂಡ ಹಾಗೆ ಆಗುವುದು, ಉಸಿರು ಕಟ್ಟುವುದು, ಬೆವರುವುದು ಇದ್ದರೆ ಫೋನ್ ಕೂಡ ಬೇಡ, ನೇರ ಆಸ್ಪತ್ರೆಗೆ ಹೋಗಿ. ಬಿದ್ದದ್ದನ್ನೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬಿದ್ದರೆ, ತಲೆಗೆ ತಾಗಿಲ್ಲ ಅಂತ ಅವರೇ ಹೇಳಿದರೂ, ಡಾಕ್ಟರ್ ಒಮ್ಮೆ ನೋಡಬೇಕು.

ಫೋನ್ ಆದಮೇಲೆ ಮುಂದಿನದ್ದು ಓದಿ.

ನಮ್ಮ ಮೈಯಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಅಂತ ಎರಡು ರಾಸಾಯನಿಕ ಇವೆ. ಹೆದರಿದಾಗ, ಓಡುವಾಗ, ಸುಮ್ನೆ ಮಲಗಿದ್ದವರು ಎದ್ದು ನಿಂತಾಗಲೂ ಇವು ಕೆಲಸ ಮಾಡುತ್ತವೆ. ಇವು ಹೋಗಿ ತಾಗುವ ಜಾಗಗಳಿಗೆ ರಿಸೆಪ್ಟರ್ ಅಂತಾರೆ. ಆಲ್ಫಾ, ಬೀಟಾ ಅನ್ನುವುದು ಆ ರಿಸೆಪ್ಟರುಗಳ ಜಾತಿ. ಆಲ್ಫಾ 1 ಮುಖ್ಯವಾಗಿ ರಕ್ತನಾಳದ ಗೋಡೆಯಲ್ಲಿ, ಮೂತ್ರಕೋಶದ ಬಾಯಲ್ಲಿ, ಪ್ರೊಸ್ಟೇಟಿನಲ್ಲಿ ಇದೆ. ಅದು ಎದ್ದರೆ ಅಲ್ಲಿನ ಸ್ನಾಯು ಬಿಗಿಯಾಗುತ್ತದೆ. ಬೀಟಾ 1 ಹೃದಯದಲ್ಲಿ, ಕಿಡ್ನಿಯಲ್ಲಿ. ಅದು ಎದ್ದರೆ ಹೃದಯ ಜೋರಾಗಿ, ಬೇಗ ಬಡಿಯುತ್ತದೆ. ಬೀಟಾ 2 ಶ್ವಾಸನಾಳದಲ್ಲಿ, ಕೈಕಾಲಿನ ಸ್ನಾಯುಗಳ ರಕ್ತನಾಳದಲ್ಲಿ. ಅಲ್ಲಿ ಅದು ಸಡಿಲ ಮಾಡುತ್ತದೆ.

ಹಳ್ಳಿಯ ಕಡೆಯವರು ಅನ್ನಿಸುತ್ತದೆ, ಬೋರ್‌ವೆಲ್ ಲೆಕ್ಕದಲ್ಲಿ ಹೇಳುತ್ತೇನೆ. ಬಿಪಿ ಅಂದರೆ ಪೈಪಿನೊಳಗಿನ ಒತ್ತಡ. ಅದು ಜಾಸ್ತಿ ಆಗಬೇಕಾದರೆ ಮೋಟರ್ ಜೋರಾಗಿ ಓಡಬೇಕು, ಇಲ್ಲ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಬ್ಲಾಕರ್ ಅಂದರೆ ಆ ರಿಸೆಪ್ಟರನ್ನು ತಡೆಯುವ ಮಾತ್ರೆ. ಬೀಟಾ ಬ್ಲಾಕರ್, ಅಂದರೆ ಅಪ್ಪನ ಮೆಟೊಪ್ರೊಲಾಲ್, ಮೋಟರಿನ ಓಟವನ್ನು ನಿಧಾನ ಮಾಡುತ್ತದೆ. ಆಲ್ಫಾ ಬ್ಲಾಕರ್, ಅಂದರೆ ಟ್ಯಾಮ್ಸುಲೋಸಿನ್, ಹೆಬ್ಬೆರಳನ್ನು ಸಡಿಲಿಸುತ್ತದೆ, ಮೂತ್ರದ ದಾರಿಯ ಬಿಗಿಯನ್ನೂ.

ಈಗ ಅಪ್ಪ ಯಾಕೆ ಬಿದ್ದರು ನೋಡಿ. ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ ಮತ್ತು ಕಾಲಿನ ಕಡೆ ಇಳಿಯುತ್ತದೆ. ಮೈ ತಕ್ಷಣ ಎರಡು ಕೆಲಸ ಮಾಡುತ್ತದೆ, ನಾಳಗಳನ್ನು ಬಿಗಿ ಮಾಡುತ್ತದೆ, ಹೃದಯವನ್ನು ಬೇಗ ಓಡಿಸುತ್ತದೆ. ಅಪ್ಪನಿಗೆ ಮೊದಲನೆಯದಕ್ಕೆ ಟ್ಯಾಮ್ಸುಲೋಸಿನ್ ಅಡ್ಡ ಬಂತು, ಎರಡನೆಯದಕ್ಕೆ ಮೆಟೊಪ್ರೊಲಾಲ್. ಅದರ ಮೇಲೆ ರಾತ್ರಿಯೇ ತಗೊಂಡ ಟೆಲ್ಮಿಸಾರ್ಟನ್. ನಿದ್ದೆಗಣ್ಣಿನಲ್ಲಿ ಥಟ್ಟನೆ ಎದ್ದರು. ಇಷ್ಟೂ ಒಂದೇ ನಿಮಿಷದಲ್ಲಿ ಸೇರಿಕೊಂಡಿದೆ. ಟ್ಯಾಮ್ಸುಲೋಸಿನ್ ಹೆಚ್ಚಾಗಿ ಪ್ರೊಸ್ಟೇಟಿನ ಆಲ್ಫಾ ರಿಸೆಪ್ಟರನ್ನೇ ಹುಡುಕಿ ಹಿಡಿಯುವ ಮಾತ್ರೆ, ಹಳೆಯ ಪ್ರಾಜೋಸಿನ್, ಟೆರಾಜೋಸಿನ್ ಹಾಗೆ ಬಿಪಿಯನ್ನು ಜೋರಾಗಿ ಇಳಿಸುವುದಿಲ್ಲ. ಆದರೂ ವಯಸ್ಸಾದವರಲ್ಲಿ, ಬೇರೆ ಬಿಪಿ ಮಾತ್ರೆ ಜೊತೆಗಿದ್ದಾಗ, ಹೀಗೆ ಆಗುವುದುಂಟು. ಮೊದಲ ಕೆಲವು ದಿನ ಹೆಚ್ಚು ಎಚ್ಚರ ಬೇಕು.

ಬೀಟಾ ಬ್ಲಾಕರನ್ನು ಥಟ್ಟನೆ ನಿಲ್ಲಿಸಬಾರದು ಅನ್ನುವುದಕ್ಕೂ ಕಾರಣ ಇದೆ. ತಿಂಗಳುಗಟ್ಟಲೆ ಅಡ್ರಿನಲಿನ್ ಸರಿಯಾಗಿ ತಾಗದೆ ಹೋದಾಗ ಹೃದಯ ಸುಮ್ಮನೆ ಕೂರುವುದಿಲ್ಲ, ಇನ್ನಷ್ಟು ಬೀಟಾ ರಿಸೆಪ್ಟರುಗಳನ್ನು ಹುಟ್ಟಿಸಿಕೊಳ್ಳುತ್ತದೆ. ಮಾತ್ರೆ ಒಮ್ಮೆಲೇ ಹೋದರೆ ಅಷ್ಟೂ ರಿಸೆಪ್ಟರು ಖಾಲಿ ಬಿದ್ದಿರುತ್ತವೆ, ಸಾಧಾರಣ ಅಡ್ರಿನಲಿನ್ ಕೂಡ ಚಾಟಿ ಬೀಸಿದ ಹಾಗೆ ಆಗುತ್ತದೆ. ನಾಡಿ ಏರುತ್ತದೆ, ಬಿಪಿ ಏರುತ್ತದೆ, ಹೃದಯದ ನಾಳ ಮೊದಲೇ ಕಟ್ಟಿದ್ದವರಿಗೆ ಎದೆನೋವು, ಮತ್ತೆ ಅಟ್ಯಾಕ್ ಕೂಡ ಆಗಬಹುದು. ನಿಲ್ಲಿಸಲೇಬೇಕಾದಾಗ ನಾವು ಒಂದೆರಡು ವಾರ ತಗೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತೇವೆ.

ಇನ್ನೊಂದು ಮುಖ್ಯ ವಿಷಯ. ಪಂಪಿಂಗ್ 40 ಇರುವವರಿಗೆ ಈ ಮಾತ್ರೆ ಬರೀ ಬಿಪಿಗೆ ಕೊಟ್ಟಿದ್ದಲ್ಲ. ಹಿಂದೆ ಹೃದಯ ಸೋತವರಿಗೆ ಬೀಟಾ ಬ್ಲಾಕರ್ ಕೊಡಲೇಬಾರದು ಅಂತಿತ್ತು. ಸೋತ ಎತ್ತಿನ ಮೂಗುದಾರ ಇನ್ನೂ ಬಿಗಿ ಎಳೆದಂತೆ ಅಂತ ಎಲ್ಲರೂ ಹೆದರುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಯೋಟೆಬೊರಿಯಲ್ಲಿ ವಾಗ್‌ಸ್ಟೈನ್ ಮತ್ತು ಜೊತೆಯವರು ಕೆಲವೇ ರೋಗಿಗಳಿಗೆ ಕೊಟ್ಟು ಸುಧಾರಿಸಿದ್ದನ್ನು ಬರೆದರು. ಬಹಳ ಜನ ನಂಬಲಿಲ್ಲ. 1999ರಲ್ಲಿ ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಮೇಲಿನ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು, ಎರಡರಲ್ಲೂ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಈಗ ಪಂಪಿಂಗ್ ಕಡಿಮೆ ಇರುವವರಿಗೆ ಇದು ಬಿಡಲಾರದ ಮದ್ದು. ಕಾರ್ವೆಡಿಲಾಲ್ ಆದರೆ 3.125ರಿಂದ, ಬೈಸೊಪ್ರೊಲಾಲ್ ಆದರೆ 1.25ರಿಂದ ಶುರು ಮಾಡಿ ವಾರಗಟ್ಟಲೆ ಕಾದು ಏರಿಸುತ್ತೇವೆ. ಅಷ್ಟು ತಾಳ್ಮೆಯಿಂದ ಏರಿಸಿದ್ದನ್ನು ಒಂದೇ ದಿನ ಬಿಟ್ಟರೆ ನಮಗೆ ಹೊಟ್ಟೆ ಉರಿಯುತ್ತದೆ.

ಯಾವುದನ್ನು ಬದಲಿಸಬೇಕು ಅನ್ನುವುದನ್ನು ಅಪ್ಪನನ್ನು ನೋಡುವವರೇ ಹೇಳಲಿ. ಅವರಿಗೆ ಸಹಾಯ ಆಗುವ ಹಾಗೆ ಒಂದು ಕೆಲಸ ಮಾಡಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿ ಬರೆದುಕೊಳ್ಳಿ. ಎದ್ದು ನಿಲ್ಲಿಸಿ, ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಿ. ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಅದು ಲೆಕ್ಕಕ್ಕೆ ಬರುತ್ತದೆ. ರಾತ್ರಿ ಏಳುವಾಗ ಎರಡು ನಿಮಿಷ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಆಮೇಲೆ ಏಳಲಿ, ಮೂತ್ರಕ್ಕೆ ಕೂತುಕೊಂಡೇ ಹೋಗಲಿ.

ಫಾರ್ಮ_ಮೇಷ್ಟ್ರು:

ಡಾಕ್ಟರ್ ಸರ್ ಮುಖ್ಯವಾದದ್ದು ಎಲ್ಲ ಹೇಳಿದ್ದಾರೆ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವನು, ಮನೆಯವರಿಗೆ ಉಪಯೋಗ ಆಗುವ ಒಂದು ಗುರುತು ಹೇಳುತ್ತೇನೆ. ಪಟ್ಟಿಯ ಮೇಲೆ ದೊಡ್ಡದಾಗಿರುವ ಕಂಪನಿ ಹೆಸರು ಬಿಡಿ, ಸಣ್ಣ ಅಕ್ಷರದ ಹೆಸರು ಓದಿ. ಕೊನೆಯಲ್ಲಿ ‘ಲಾಲ್’ ಇದ್ದರೆ ಸಾಮಾನ್ಯವಾಗಿ ಬೀಟಾ ಬ್ಲಾಕರ್: ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ನೆಬಿವೊಲಾಲ್. ‘ಜೋಸಿನ್’, ‘ಲೋಸಿನ್’, ‘ಡೋಸಿನ್’ ಇದ್ದರೆ ಆಲ್ಫಾ ಬ್ಲಾಕರ್: ಪ್ರಾಜೋಸಿನ್, ಆಲ್ಫುಜೋಸಿನ್, ಟ್ಯಾಮ್ಸುಲೋಸಿನ್, ಸಿಲೋಡೋಸಿನ್. ಕಾರ್ವೆಡಿಲಾಲ್, ಲ್ಯಾಬೆಟಲಾಲ್ ಎರಡೂ ಕೆಲಸ ಮಾಡುತ್ತವೆ. ಬಸುರಿಯರಿಗೆ ಬಿಪಿ ಏರಿದಾಗ ಕೊಡುವ ಮಾತ್ರೆಗಳಲ್ಲಿ ಲ್ಯಾಬೆಟಲಾಲ್ ಮುಖ್ಯವಾದದ್ದು. ಹಾಗಾಗಿ ಪಕ್ಕದ ಮನೆಯವರು ಹೇಳಿದ ಹಾಗೆ ಎರಡನ್ನೂ ಒಟ್ಟಿಗೆ ಕೊಡಲೇಬಾರದು ಅಂತೇನಿಲ್ಲ.

ಈ ಆಲ್ಫಾ ಬೀಟಾ ಹೆಸರು ಬಂದ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಜಾರ್ಜಿಯಾದಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಅಂತ ಒಬ್ಬರು ಅಡ್ರಿನಲಿನ್ ಜಾತಿಯ ಹಲವು ರಾಸಾಯನಿಕಗಳನ್ನು ಬೇರೆ ಬೇರೆ ಅಂಗಗಳ ಮೇಲೆ ಹಾಕಿ ನೋಡಿದರು. ಯಾವುದು ಜೋರು ಅನ್ನುವ ಸಾಲು ಒಂದು ಗುಂಪಿನ ಅಂಗಗಳಲ್ಲಿ ಒಂದು ತರಹ, ಇನ್ನೊಂದು ಗುಂಪಿನಲ್ಲಿ ಬೇರೆ ತರಹ ಬಂತು. ಹಾಗಾದರೆ ರಿಸೆಪ್ಟರ್ ಎರಡು ಜಾತಿ ಇರಬೇಕು ಅಂದರು. 1948ರಲ್ಲಿ ಬರೆದದ್ದು, ಹತ್ತು ವರ್ಷ ಹೆಚ್ಚು ಜನ ತಿರುಗಿ ನೋಡಲಿಲ್ಲ. ಆಮೇಲೆ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅದನ್ನು ಹಿಡಿದರು. ಆಗ ಎದೆನೋವಿಗೆ ಎಲ್ಲರ ಯೋಚನೆ ಹೃದಯಕ್ಕೆ ಹೆಚ್ಚು ರಕ್ತ ಹೇಗೆ ಕಳಿಸುವುದು ಅಂತ. ಇವರು ಅದನ್ನು ಬಿಟ್ಟು, ಹೃದಯದ ಹಸಿವನ್ನೇ ಕಡಿಮೆ ಮಾಡಿದರೆ ಆಗುವುದಿಲ್ಲವೇ ಅಂತ ಕೇಳಿದರು. ಅದರಿಂದ ಪ್ರೊಪ್ರನೊಲಾಲ್ ಬಂತು, 1960ರ ದಶಕದ ನಡುವೆ. 1988ರಲ್ಲಿ ನೊಬೆಲ್ ಹಂಚಿಕೊಂಡರು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರೊಪ್ರನೊಲಾಲ್ ಈಗ ಮೈಗ್ರೇನ್ ಬಾರದಂತೆ ತಡೆಯಲು, ಕೈ ನಡುಕಕ್ಕೆ, ಥೈರಾಯ್ಡ್ ಜಾಸ್ತಿಯಾಗಿ ಎದೆ ಹೊಡೆದುಕೊಳ್ಳುವಾಗ, ಲಿವರ್ ಕೆಟ್ಟವರ ಅನ್ನನಾಳದಲ್ಲಿ ರಕ್ತಸ್ರಾವ ತಡೆಯಲು, ಹಸುಗೂಸುಗಳ ಮುಖದ ಕೆಂಪು ಗಡ್ಡೆ ಕರಗಿಸಲು ಎಲ್ಲದಕ್ಕೂ ಬಳಕೆಯಲ್ಲಿದೆ. ಕೈ ಅಲುಗದಂತೆ ಮಾಡುತ್ತದೆ ಅಂತಲೇ ಶೂಟಿಂಗ್, ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇದಕ್ಕೆ ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಒಬ್ಬ ಶೂಟರ್ ಇದೇ ಕಾರಣಕ್ಕೆ ಎರಡು ಪದಕ ಕಳೆದುಕೊಂಡರು. ಇದನ್ನು ಓದಿ ಯಾರೂ ಸಂದರ್ಶನಕ್ಕೆ ಮುಂಚೆ ಗೆಳೆಯರ ಮಾತ್ರೆ ಇಸಕೊಂಡು ನುಂಗಬೇಡಿ. ಉಬ್ಬಸ ಇದ್ದವರು ಪ್ರೊಪ್ರನೊಲಾಲ್ ತಗೊಂಡರೆ ಉಸಿರೇ ಕಟ್ಟಬಹುದು. ಶುಗರ್ ಇದ್ದು ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ಇಳಿದಾಗ ಬರುವ ನಡುಕ, ಎದೆಬಡಿತ ಗೊತ್ತೇ ಆಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ, ಅದನ್ನೇ ಗುರುತು ಇಟ್ಟುಕೊಳ್ಳಬೇಕು.

ಗಡಿನಾಡ_ಸಿಸ್ಟರ್:

ಆಲ್ಫಾ ಬ್ಲಾಕರ್ ಅಂದರೆ ಎಲ್ಲರೂ ಪ್ರೊಸ್ಟೇಟ್ ಅಂತ ಮಾತ್ರ ಅಂದುಕೊಳ್ಳುತ್ತಾರೆ. ನಾನು ಬೆಳಗಾವಿ ಕಡೆ ನರ್ಸ್, ನಮ್ಮ ಕಡೆ ಪ್ರಾಜೋಸಿನ್ ಅಂದರೆ ಚೇಳಿನ ಮಾತ್ರೆ.

ಕೆಂಪು ಚೇಳು ಕುಟುಕಿದರೆ ವಿಷ ನರಗಳನ್ನು ಕೆರಳಿಸಿ ಮೈಯಲ್ಲಿರುವ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಲ್ಲ ಒಮ್ಮೆಲೇ ಸುರಿಯುವ ಹಾಗೆ ಮಾಡುತ್ತದೆ. ಕೈಕಾಲು ಮಂಜುಗಡ್ಡೆ, ಮೈಯೆಲ್ಲ ಬೆವರು, ವಾಂತಿ, ಆಮೇಲೆ ಬಿಪಿ ಏರಿ ಏರಿ ಹೃದಯ ಸೋತು ಶ್ವಾಸಕೋಶದಲ್ಲಿ ನೀರು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಊರಿನಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಇಂಥ ಮಕ್ಕಳು ಸಾಯುವುದನ್ನು ನೋಡಿ ನೋಡಿ, 1980ರ ದಶಕದಲ್ಲಿ ಪ್ರಾಜೋಸಿನ್ ಕೊಟ್ಟು ನೋಡಿದರು. ಮೊದಲು ವಿಷ ಏರಿದ ನೂರರಲ್ಲಿ ಸುಮಾರು 30 ಜನ ಸಾಯುತ್ತಿದ್ದರು, ಆಮೇಲೆ ಅದು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವು ಡ್ಯೂಟಿಯಲ್ಲಿದ್ದವರೆಲ್ಲ ಖುಷಿಪಟ್ಟೆವು.

ಒಮ್ಮೆ ಎಂಟು ವರ್ಷದ ಹುಡುಗನನ್ನು ತಂದಿದ್ದರು, ಕುಳ್ಳು ತರಲು ಹೋದಾಗ ಬೆರಳಿಗೆ ಕುಟುಕಿತ್ತು. ನಾಡಿ 150, ಅಂಗೈ ಮುಟ್ಟಿದರೆ ಐಸು. ಡಾಕ್ಟರ್ ತೂಕ ನೋಡಿ ಪ್ರಾಜೋಸಿನ್ ಕೊಡಿಸಿದರು, ಮೂರು ಗಂಟೆಗೊಮ್ಮೆ ಮತ್ತೆ. ಅವರು ನನಗೆ ಹೇಳಿದ್ದು ಒಂದೇ ಮಾತು, ಸಿಸ್ಟರ್ ಅವನನ್ನು ಎತ್ತಿ ಕೂರಿಸಬೇಡಿ, ತಾಯಿ ಎತ್ತಿಕೊಳ್ಳಲು ಬಂದರೂ ಬಿಡಬೇಡಿ, ಬಿಪಿ ಬಿದ್ದುಬಿಡುತ್ತದೆ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ಅರ್ಧ ಗಂಟೆಗೊಮ್ಮೆ ಕಾಲು ಮುಟ್ಟಿ ನೋಡುತ್ತಿದ್ದೆ. ಬೆಳಗಿನ ಜಾವ ಪಾದ ಬೆಚ್ಚಗಾಯಿತು. ಆ ಬೆಚ್ಚಗೆ ಇನ್ನೂ ನನ್ನ ಕೈಯಲ್ಲಿದೆ. ತುಂಗಾತೀರ ಅವರೇ, ನಿಮ್ಮ ಅಪ್ಪ ಬಿದ್ದದ್ದು ಓದಿದಾಗ ಆ ಹುಡುಗನನ್ನು ಮಲಗಿಸಿಯೇ ಇಟ್ಟದ್ದು ನೆನಪಾಯಿತು, ಮಾತ್ರೆಯ ಗುಣ ಒಂದೇ ಅಲ್ವಾ.

ಎರಡನೇ_ವರ್ಷ:

ಸಿಸ್ಟರ್, ನೈಟ್‌ಡ್ಯೂಟಿ ಸರ್, ಒಂದು ಡೌಟು. ಎಂಬಿಬಿಎಸ್ ಎರಡನೇ ವರ್ಷ ಓದುತ್ತಿದ್ದೇನೆ. ನಾಡಿ 150 ಇದ್ದರೆ ಪ್ರೊಪ್ರನೊಲಾಲ್ ಕೊಟ್ಟು ಇಳಿಸಬಹುದಿತ್ತಲ್ಲ? ಪುಸ್ತಕದಲ್ಲಿ ಫಿಯೋಕ್ರೋಮೊಸೈಟೋಮಾಕ್ಕೆ ಮೊದಲು ಆಲ್ಫಾ, ಆಮೇಲೆ ಬೀಟಾ ಅಂತ ಇದೆ, ಬಾಯಿಪಾಠ ಮಾಡಿದ್ದೇನೆ, ಯಾಕೆ ಅಂತ ಮನಸ್ಸಿಗೆ ಹತ್ತಿಲ್ಲ.

ನೈಟ್‌ಡ್ಯೂಟಿ:

ಒಳ್ಳೆ ಪ್ರಶ್ನೆ. ಎರಡೂ ಒಂದೇ ಲೆಕ್ಕ. ಫಿಯೋಕ್ರೋಮೊಸೈಟೋಮಾ ಅಂದರೆ, ಗೊತ್ತಿಲ್ಲದವರಿಗೆ, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆ, ಅದು ಈ ರಾಸಾಯನಿಕಗಳನ್ನು ಮನಸ್ಸಿಗೆ ಬಂದಂತೆ ರಕ್ತಕ್ಕೆ ಬಿಡುತ್ತಿರುತ್ತದೆ.

ಮತ್ತೆ ಆ ಪೈಪು ನೆನಪಿಸಿಕೊಳ್ಳಿ. ಅಡ್ರಿನಲಿನ್ ತುಂಬಿ ಹರಿಯುವಾಗ ಆಲ್ಫಾ ನಾಳಗಳನ್ನು ಬಿಗಿ ಹಿಡಿದಿದೆ. ಸ್ನಾಯುಗಳಲ್ಲಿರುವ ಬೀಟಾ 2 ಮಾತ್ರ ಒಂದಿಷ್ಟು ನಾಳಗಳನ್ನು ತೆರೆದಿಟ್ಟಿದೆ. ಈಗ ನೀನು ನಾಡಿ ನೋಡಿ ಪ್ರೊಪ್ರನೊಲಾಲ್ ಕೊಟ್ಟೆ ಅಂದುಕೋ. ಬೀಟಾ 2 ಹೋಯಿತು, ತೆರೆದಿದ್ದ ನಾಳವೂ ಮುಚ್ಚಿತು, ಆಲ್ಫಾಗೆ ಎದುರು ಯಾರೂ ಇಲ್ಲ. ಬಿಪಿ ಇನ್ನೂ ಏರುತ್ತದೆ. ಅದೇ ಹೊತ್ತಿಗೆ ಬೀಟಾ 1 ಕೂಡ ಹೋಗಿ ಹೃದಯದ ಬಲ ಕಡಿಮೆಯಾಗಿದೆ. ಬಾಯಿ ಮುಚ್ಚಿದ ಪೈಪಿಗೆ ಸೊರಗಿದ ಮೋಟರ್. ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದಕ್ಕೇ ಮೊದಲು ಪೈಪಿನ ಬಾಯಿ ಬಿಡಿಸಬೇಕು. ಗಡ್ಡೆಯ ಆಪರೇಷನ್‌ಗೆ ಮುಂಚೆ ಹತ್ತು ಹದಿನಾಲ್ಕು ದಿನ ಫಿನಾಕ್ಸಿಬೆನ್ಜಮಿನ್ ಅಥವಾ ಪ್ರಾಜೋಸಿನ್, ಡಾಕ್ಸಾಜೋಸಿನ್ ಕೊಟ್ಟು, ಉಪ್ಪು ನೀರು ಚೆನ್ನಾಗಿ ಕೊಟ್ಟು, ನಾಳಗಳೆಲ್ಲ ಸಡಿಲಾಗಿವೆ ಅಂತ ಖಚಿತವಾದ ಮೇಲೆ ನಾಡಿ ಇನ್ನೂ ಜೋರಿದ್ದರೆ ಬೀಟಾ ಬ್ಲಾಕರ್. ಚೇಳಿನ ವಿಷದಲ್ಲಿ ನಾಡಿ ಓಡುತ್ತಿರುವುದನ್ನು ನೋಡಿ ಕೈ ತುರಿಸುತ್ತದೆ, ತಡೆದುಕೊಳ್ಳಬೇಕು. ಪ್ರಾಜೋಸಿನ್ ಕೊಟ್ಟು ನಾಳ ಸಡಿಲಾದರೆ ಹೃದಯದ ಹೊರೆ ಇಳಿಯುತ್ತದೆ.

ಪೊರೆ_ವಾರ್ಡು:

ನಾನು ಕಣ್ಣಿನ ಆಪರೇಷನ್ ಥಿಯೇಟರಿನಲ್ಲಿ ಸಹಾಯಕಿ. ಎರಡು ವಿಷಯ, ಎರಡೂ ನಿಮ್ಮ ಅಪ್ಪನ ವಯಸ್ಸಿನವರಿಗೆ ಬೇಕಾದದ್ದು.

ಟ್ಯಾಮ್ಸುಲೋಸಿನ್ ತಗೊಳ್ಳುವವರಿಗೆ ಪೊರೆ ಆಪರೇಷನ್ ಮಾಡುವಾಗ ಕಣ್ಣಿನ ಕರಿಗುಡ್ಡೆಯ ಪರದೆ ಒದ್ದೆ ಬಟ್ಟೆ ಹಾಗೆ ಜೋಲುತ್ತದೆ, ಪಾಪೆ ಹಿಗ್ಗಿಸಿದ್ದು ಮಧ್ಯದಲ್ಲೇ ಕುಗ್ಗಿಬಿಡುತ್ತದೆ. ಆ ಪರದೆಯ ಸ್ನಾಯುವಿನಲ್ಲೂ ಇದೇ ಆಲ್ಫಾ ರಿಸೆಪ್ಟರ್ ಇದೆ. ಇದನ್ನು 2005ರಲ್ಲಿ ಮೊದಲು ಗುರುತಿಸಿದರು. ಮಾತ್ರೆ ನಿಲ್ಲಿಸಿ ತಿಂಗಳುಗಳಾದರೂ ಆಗಬಹುದು, ಹಾಗಾಗಿ ಆಪರೇಷನ್ ಹಿಂದಿನ ದಿನ ಬಿಟ್ಟರೆ ಸಾಲದು. ಮೊದಲೇ ಹೇಳಿದರೆ ಸರ್ಜನ್ ಬೇಕಾದ ಔಷಧಿ, ಕೊಕ್ಕೆ ಎಲ್ಲ ಸಿದ್ಧ ಇಟ್ಟುಕೊಳ್ಳುತ್ತಾರೆ. ನಾವು ಬಿಪಿ, ಶುಗರ್ ಮಾತ್ರೆ ಕೇಳಿದಾಗ ಜನ ಅದನ್ನು ಹೇಳುತ್ತಾರೆ, ಮೂತ್ರದ ಮಾತ್ರೆ ಹೇಳುವುದಿಲ್ಲ, ಕೆಲವರಿಗೆ ಸಂಕೋಚ.

ಇನ್ನೊಂದು ನನ್ನ ಅಮ್ಮನದ್ದೇ. ಕಣ್ಣಿನೊಳಗಿನ ಒತ್ತಡದ ಕಾಯಿಲೆ ಗ್ಲಾಕೋಮಾಕ್ಕೆ ಟಿಮೊಲಾಲ್ ಹನಿ ಬರೆದುಕೊಟ್ಟಿದ್ದರು. ಅದೂ ಬೀಟಾ ಬ್ಲಾಕರೇ, ಕಣ್ಣಿನೊಳಗೆ ನೀರು ಊರುವುದನ್ನು ಕಡಿಮೆ ಮಾಡುತ್ತದೆ. ಅಮ್ಮನಿಗೆ ಹಳೆಯ ಉಬ್ಬಸ. ಬರೆದವರು ಕೇಳಲಿಲ್ಲ, ನಾವೂ ಹೇಳಲಿಲ್ಲ, ಕಣ್ಣಿನ ಹನಿಗೂ ದಮ್ಮಿಗೂ ಏನು ಸಂಬಂಧ ಅಂತ. ಒಂದು ವಾರದಲ್ಲಿ ರಾತ್ರಿ ಕೂತೇ ನಿದ್ದೆ ಮಾಡುವ ಹಾಗಾಯಿತು. ಕಣ್ಣಿನಿಂದ ಮೂಗಿಗೆ ಇಳಿಯುವ ದಾರಿಯಲ್ಲಿ ಹನಿ ನೇರ ರಕ್ತಕ್ಕೆ ಸೇರುತ್ತದೆ, ಮಾತ್ರೆಯ ಹಾಗೆ ಲಿವರ್ ಮೊದಲು ಅದನ್ನು ಕಡಿಮೆ ಮಾಡುವುದಿಲ್ಲ. ಬೇರೆ ಜಾತಿಯ ಹನಿಗೆ ಬದಲಿಸಿದ ಮೇಲೆ ಸರಿಹೋದರು. ಉಬ್ಬಸ ಇಲ್ಲದವರೂ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಯಾರಾದರೂ ಹಿರಿಯರು ಕಾರಣ ಇಲ್ಲದೆ ಸುಸ್ತು, ನಾಡಿ ನಿಧಾನ ಅಂದರೆ ಕಣ್ಣಿನ ಹನಿಯ ಬಾಟಲಿಯನ್ನೂ ಡಾಕ್ಟರಿಗೆ ತೋರಿಸಿ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅಲ್ವಾ.

ಆ ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡಿದೆವು. ಮೆಟೊಪ್ರೊಲಾಲ್ ಆಗಲೇ ಕೊಡಿ, ಎಕ್ಸ್‌ಎಲ್ ಅಂದರೆ ನಿಧಾನವಾಗಿ ಕರಗುವ ಮಾತ್ರೆ, ಜಜ್ಜಬೇಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದರು. ಇಸಿಜಿಯಲ್ಲಿ ಹೊಸದೇನೂ ಇರಲಿಲ್ಲ. ಬಿದ್ದದ್ದಕ್ಕೆ ತಲೆಯನ್ನೂ ಪರೀಕ್ಷೆ ಮಾಡಿ ತೊಂದರೆ ಇಲ್ಲ ಅಂದರು. ಮೂರನೇ ದಿನಕ್ಕೆ ನಾಡಿ 66ಕ್ಕೆ ಬಂತು. ಮಲಗಿದ್ದಾಗ ಬಿಪಿ 128/76, ನಿಂತು ಮೂರು ನಿಮಿಷಕ್ಕೆ 102/64. ನಾವು ಬರೆದುಕೊಂಡು ಹೋದ ಚೀಟಿ ನೋಡಿ ಅವರು ಟೆಲ್ಮಿಸಾರ್ಟನ್ 20ಕ್ಕೆ ಇಳಿಸಿ ಬೆಳಿಗ್ಗೆಗೆ ಹಾಕಿದರು, ಮೂತ್ರದ ಡಾಕ್ಟರಿಗೂ ಫೋನ್ ಮಾಡಿ ಮಾತಾಡಿದರು. ಟ್ಯಾಮ್ಸುಲೋಸಿನ್ ಮುಂದುವರಿದಿದೆ. ನಿನ್ನೆ ನಿಂತಾಗ 116/70. ರಾತ್ರಿ ಏಳುವುದು ಎರಡು ಸಲಕ್ಕೆ ಇಳಿದಿದೆ, ಅಪ್ಪನಿಗೆ ಅದೇ ದೊಡ್ಡ ಸಮಾಧಾನ. ಮಂಚದ ಪಕ್ಕ ಸಣ್ಣ ದೀಪ ಹಾಕಿದ್ದೇವೆ. ಅಣ್ಣ ಇದನ್ನೆಲ್ಲ ಓದಿದ, ಬೋರ್‌ವೆಲ್ ಲೆಕ್ಕವನ್ನು ಅಪ್ಪನಿಗೆ ಅವನೇ ಹೇಳಿಕೊಟ್ಟ.

ಪೊರೆ_ವಾರ್ಡು ಅಕ್ಕ, ನೀವು ಬರೆಯದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅಪ್ಪನ ಎಡಗಣ್ಣಿನ ಪೊರೆ ಆಪರೇಷನ್ ಮುಂದಿನ ತಿಂಗಳಿದೆ, ಅಲ್ಲಿ ಮಾತ್ರೆ ಬರೆದುಕೊಂಡಿದ್ದು ಟ್ಯಾಮ್ಸುಲೋಸಿನ್ ಶುರುವಾಗುವುದಕ್ಕೆ ಮೊದಲು. ಸೋಮವಾರ ಹೋಗಿ ಆ ಹೆಸರನ್ನೂ ಸೇರಿಸಿ ಬರುತ್ತೇನೆ.